ಸಿಲ್ಮಾರ್ ಸುರಂಗ ಕಲಿಸಿದ ಪಾಠ

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಾವು ನಲ್ಲಿ ತಿರುಗಿಸಿದಾಗ ಬರುವ ನೀರಿನ ಬಹುಭಾಗ ನೂರಾರು ಮೈಲಿ ದೂರದ್ದು. ಉತ್ತರದ ನೀರನ್ನು ಇತ್ತ ತರಲೆಂದು ಮೆಟ್ರೊಪಾಲಿಟನ್ ವಾಟರ್ ಡಿಸ್ಟ್ರಿಕ್ಟ್ ಲಾಸ್ ಏಂಜಲೀಸಿನ ಸಿಲ್ಮಾರ್ ಬಳಿ ಸುಮಾರು ಐದೂವರೆ ಮೈಲಿ ಉದ್ದದ ಸುರಂಗ ತೋಡಿಸಿತು. ಸ್ಯಾನ್ ಡಿಯಾಗೋ ಪ್ರಾಂತವೂ 1946ರಿಂದ ಈ ಸಂಸ್ಥೆಯ ನೀರಿನಲ್ಲಿ ಪಾಲುದಾರ. ಹೀಗಾಗಿ ಈ ಕಥೆ ನಮ್ಮ ಎರಡೂ ಊರುಗಳಿಗೆ ಸೇರಿದ್ದು.

1971ರ ಜೂನ್ 23ರಂದು ಸುರಂಗದೊಳಗೆ ಅನಿಲ ಹೊತ್ತಿಕೊಂಡು ನಾಲ್ವರು ಕೆಲಸಗಾರರು ಗಾಯಗೊಂಡು ಆಸ್ಪತ್ರೆ ಸೇರಿದರು. ಆದರೂ ಕೆಲಸ ಮುಂದುವರಿಯಿತು. ನಡುರಾತ್ರಿ ಕಳೆದ ಮೇಲೆ, 24ರಂದು, ಮೀಥೇನ್ ಸ್ಫೋಟಿಸಿತು. ಒಳಗಿದ್ದ 18 ಜನರಲ್ಲಿ 17 ಮಂದಿ ಸತ್ತರು. ಬದುಕಿ ಬಂದವನು ಒಬ್ಬನೇ.

ವೈದ್ಯನಾದ ನನಗೆ ಆ ಮೊದಲ ಬೆಂಕಿಯೇ ಮುಖ್ಯವೆನಿಸುತ್ತದೆ. ಎದೆನೋವೆಂದು ಬಂದ ರೋಗಿಯನ್ನು ಇ.ಸಿ.ಜಿ. ಕೂಡ ತೆಗೆಯದೆ ಮನೆಗೆ ಕಳಿಸಿದಂತಾಯಿತು ಅದು. ಲಕ್ಷಣ ಕಣ್ಣೆದುರಿಗೇ ಇತ್ತು, ಕೆಲಸ ನಿಲ್ಲಿಸುವವರಿರಲಿಲ್ಲ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾದರೂ, 1972ರಲ್ಲಿ ರಾಜ್ಯವು ಸುರಂಗ ಮತ್ತು ಗಣಿಗಳ ಸುರಕ್ಷತೆಗೆ ಟಾಮ್ ಕ್ಯಾರೆಲ್ ಹೆಸರಿನ ಕಾಯಿದೆ ತಂದಿತು. ಅಂದಿನಿಂದ ಸುರಂಗದಲ್ಲಿ ಅನಿಲದ ಅಪಾಯ ಎಷ್ಟೆಂದು ಮೊದಲೇ ವರ್ಗೀಕರಿಸಬೇಕು. ಅನಿಲ ಪರೀಕ್ಷಿಸಲು ಅರ್ಹತಾಪತ್ರ ಪಡೆದವರೇ ಇರಬೇಕು.

ಅಪಾಯವನ್ನು ಮೊದಲೇ ಕಾಣುವ ಇನ್ನೊಂದು ದಾರಿಯನ್ನು ಕಂಪ್ಯೂಟರ್ ತೆರೆಯಿತು. 2003ರಲ್ಲಿ ಲಾಸ್ ಏಂಜಲೀಸಿನಲ್ಲಿ ತೆರೆದ ವಾಲ್ಟ್ ಡಿಸ್ನಿ ಕನ್ಸರ್ಟ್ ಹಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಡೊಂಕು ಗೋಡೆಗಳನ್ನು ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿಯವರ ಕಚೇರಿ ವಿಮಾನ ತಯಾರಿಕೆಯಲ್ಲಿ ಬಳಸುವ ಕಾಟಿಯಾ ಎಂಬ ಫ್ರೆಂಚ್ ತಂತ್ರಾಂಶದಲ್ಲಿ ರೂಪಿಸಿತು. ಉದ್ದ, ಅಗಲ, ಎತ್ತರಗಳ ಆ ಮಾದರಿಗೆ ಕೆಲಸದ ವೇಳಾಪಟ್ಟಿಯನ್ನೂ ಜೋಡಿಸಲಾಯಿತು. ಕಾಲವೇ ನಾಲ್ಕನೆಯ ಆಯಾಮ. ಯಾವ ವಾರ ಯಾವ ಉಕ್ಕಿನ ತೊಲೆ ಏರುತ್ತದೆ ಎಂಬುದು ಪರದೆಯ ಮೇಲೆ ಚಲನಚಿತ್ರದಂತೆ ಕಾಣುತ್ತದೆ. ಇಂಥ ಮಾದರಿಯಲ್ಲಿ, ಮೇಲೆ ಬೆಸುಗೆ ನಡೆಯುವಾಗ ಕೆಳಗೆ ಯಾರಿದ್ದಾರೆ, ಕ್ರೇನಿನ ತೋಳು ಯಾರ ತಲೆಯ ಮೇಲೆ ಹಾಯುತ್ತದೆ ಎಂದು ಒಂದು ಮೊಳೆ ಹೊಡೆಯುವ ಮುನ್ನವೇ ನೋಡಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ನಾವು ಸ್ಕ್ಯಾನ್ ನೋಡುವಂತೆ.

ಆದರೆ ಸ್ಕ್ಯಾನ್ ಯಾವ ರೋಗಿಯನ್ನೂ ತಾನೇ ಗುಣಪಡಿಸದು. ಮಣ್ಣಿನಲ್ಲಿ ಅನಿಲವಿದೆಯೆಂಬ ಮಾಹಿತಿ ಕೊಡದಿದ್ದರೆ ಮಾದರಿಯೂ ಅದನ್ನು ತೋರಿಸದು. ತೋರಿಸಿದರೂ, ನಷ್ಟವಾದರೆ ಆಗಲಿ ಎಂದು ಕೆಲಸ ನಿಲ್ಲಿಸುವ ಅಧಿಕಾರಸ್ಥ ಬೇಕು. ಸಿಲ್ಮಾರಿನಲ್ಲಿ ಕೊರತೆಯಾದದ್ದು ಚಿತ್ರವಲ್ಲ, ಆ ಮಾತು.

ನಮ್ಮ ಸಂಘದ ಅನೇಕ ಮನೆಗಳ ಮಕ್ಕಳು ಇಂಜಿನಿಯರುಗಳು. ಮುಂದೊಂದು ದಿನ ಅವರ ಕಂಪ್ಯೂಟರಿನಲ್ಲೂ ಇಂಥ ಅಪಾಯ ಕಂಡೀತು. ಅಂದು ‘ನಿಲ್ಲಿಸಿ’ ಎನ್ನುವ ಧೈರ್ಯವನ್ನು ಅವರಿಗೆ ನಾವು ಮನೆಯಲ್ಲೇ ಕಲಿಸಿರಬೇಕು.