ಟೂಲ್‌ಬಾರ್ ಮರುಹೊಂದಿಕೆ (ಮೈಕ್ರೋಸಾಫ್ಟ್ ಆಕ್ಸೆಸ್)

ಬಳಕೆದಾರರು ಬದಲಿಸಿಕೊಂಡ ಟೂಲ್‌ಬಾರನ್ನು ತಂತ್ರಾಂಶದೊಂದಿಗೆ ಬಂದ ಮೂಲ ರೂಪಕ್ಕೆ ಮರಳಿಸುವ ಕ್ರಮ. 1992ರಲ್ಲಿ ಬಿಡುಗಡೆಯಾದ ಮೈಕ್ರೋಸಾಫ್ಟ್ ಆಕ್ಸೆಸ್, ವಿಂಡೋಸ್ ಕಂಪ್ಯೂಟರುಗಳಲ್ಲಿ ಬಳಸುವ ಡೇಟಾಬೇಸ್ ತಂತ್ರಾಂಶ. ಇದರಲ್ಲಿ ಬಟನ್‌ಗಳನ್ನು ಸೇರಿಸಲು, ತೆಗೆಯಲು, ಸ್ಥಳ ಬದಲಿಸಲು ಅವಕಾಶವಿರುವುದರಿಂದ ಬೇಕಾದ ಬಟನ್ ಕಾಣೆಯಾಗುವುದೂ ಉಂಟು.

2003ರವರೆಗಿನ ಆವೃತ್ತಿಗಳು: ‘ವ್ಯೂ’ ಮೆನುವಿನ ‘ಟೂಲ್‌ಬಾರ್ಸ್’ನಲ್ಲಿ ‘ಕಸ್ಟಮೈಸ್’ ತೆರೆದು, ಪಟ್ಟಿಯಿಂದ ಟೂಲ್‌ಬಾರನ್ನು ಆರಿಸಿ ‘ರೀಸೆಟ್’ ಒತ್ತಬೇಕು. ಇದು ತಂತ್ರಾಂಶದ ಸ್ವಂತ ಟೂಲ್‌ಬಾರುಗಳಿಗೆ ಮಾತ್ರ ಅನ್ವಯ. ಬಳಕೆದಾರರೇ ರಚಿಸಿದವಕ್ಕೆ ಮರಳಬೇಕಾದ ಮೂಲ ರೂಪವಿರುವುದಿಲ್ಲ, ಬೇಡವಾದರೆ ಅವನ್ನು ಅಳಿಸಬಹುದು. ಡೇಟಾಬೇಸಿನ ‘ಸ್ಟಾರ್ಟಪ್’ ಆಯ್ಕೆಗಳಲ್ಲಿ ಟೂಲ್‌ಬಾರ್ ಬದಲಾವಣೆಗೆ ತಡೆಯೊಡ್ಡಿದ್ದರೆ, ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಫೈಲ್ ತೆರೆದಾಗ ಸಾಮಾನ್ಯವಾಗಿ ಆ ತಡೆ ಜಾರಿಗೆ ಬರುವುದಿಲ್ಲ.

ನಂತರದ ಆವೃತ್ತಿಗಳು: 2007ರ ಆವೃತ್ತಿಯಲ್ಲಿ ಹಳೆಯ ಮೆನು, ಟೂಲ್‌ಬಾರುಗಳ ಜಾಗಕ್ಕೆ ರಿಬ್ಬನ್ ಬಂದಿತು. 2010ರ ಆವೃತ್ತಿಯಿಂದ ‘ಫೈಲ್’, ‘ಆಪ್ಷನ್ಸ್’, ‘ಕಸ್ಟಮೈಸ್ ರಿಬ್ಬನ್’ ಎಂಬ ದಾರಿಯಲ್ಲಿ ‘ರೀಸೆಟ್’ ಸಿಗುತ್ತದೆ. ಆಯ್ದ ಒಂದು ಟ್ಯಾಬನ್ನು ಮಾತ್ರ ಮರಳಿಸಬಹುದು. ಎಲ್ಲವನ್ನೂ ಮರಳಿಸಿದರೆ ಕ್ವಿಕ್ ಆಕ್ಸೆಸ್ ಟೂಲ್‌ಬಾರಿನ ಬದಲಾವಣೆಗಳೂ ಹೋಗುತ್ತವೆ. ಆದ್ದರಿಂದ ಮೊದಲೇ ‘ಎಕ್ಸ್‌ಪೋರ್ಟ್’ ಮೂಲಕ ಅವನ್ನು ಫೈಲಾಗಿ ಉಳಿಸಿಕೊಳ್ಳುವುದು ಒಳ್ಳೆಯದು. ಯಾವ ವಿಧಾನದಲ್ಲೂ ಕೋಷ್ಟಕಗಳಲ್ಲಿರುವ ಮಾಹಿತಿಗೆ ಧಕ್ಕೆಯಾಗುವುದಿಲ್ಲ.