ಜಾಕ್‌ನ ಮಕ್ಕಳು ಎಲ್ಲಿಗೆ ಹೋದ್ರು?

ಕುದುರೆ ಅಂದ ಕೂಡಲೇ ನಮಗೆ ನೆನಪಾಗೋದು ರಾಣಾ ಪ್ರತಾಪನ ಚೇತಕ್. ಇವತ್ತಿನ ಕಥೆ ಸೊಂಟದೆತ್ತರದ ಕುದುರೆಯದ್ದು. ಹೆಸರು ಜಾಕ್.

1842. ಬ್ರಿಟನ್ ಸಂಸತ್ತು ಕಾನೂನು ಮಾಡ್ತು. ಹೆಂಗಸರು, ಹೆಣ್ಣುಮಕ್ಕಳು, 10 ವರ್ಷದೊಳಗಿನ ಹುಡುಗರು ಕಲ್ಲಿದ್ದಲು ಗಣಿಗೆ ಇಳಿಯುವಂತಿಲ್ಲ. ಒಳ್ಳೇದೇ ಆಯ್ತು. ಆದರೆ ನೋಡಿ, ಕೆಲಸ ನಿಲ್ಲಲಿಲ್ಲ. ತಗ್ಗು ಸುರಂಗಗಳಲ್ಲಿ ಕಲ್ಲಿದ್ದಲ ತೊಟ್ಟಿ ಎಳೆಯೋರು ಯಾರು? ದೊಡ್ಡ ಕುದುರೆಗೆ ಅಲ್ಲಿ ತಲೆ ಎತ್ತೋಕೂ ಜಾಗವಿಲ್ಲ. ಮಾಲೀಕರ ಕಣ್ಣು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಪುಟ್ಟ ಕುದುರೆಗಳ ಮೇಲೆ ಬಿತ್ತು.

1870ರ ದಶಕದಲ್ಲಿ ಲಂಡನ್‌ಡೆರಿಯ ಮಾರ್ಕ್ವೆಸ್ ತನ್ನ ಡರ್ಹಮ್ ಗಣಿಗಳಿಗಾಗಿ ಅಲ್ಲಿನ ಬ್ರೆಸೆ ಮತ್ತು ನಾಸ್ ದ್ವೀಪಗಳಲ್ಲಿ ಕುದುರೆ ಸಾಕಿಸಿದ. ಲೆಕ್ಕ ಸರಳ: ಎತ್ತರ ಕಡಿಮೆ ಇರಬೇಕು, ಬಲ ಜಾಸ್ತಿ ಇರಬೇಕು. ಆ ಲೆಕ್ಕಕ್ಕೆ ತಕ್ಕ ಗಂಡು ಕುದುರೆ ಜಾಕ್. ಹೆಣ್ಣು ಕುದುರೆಗಳು ದ್ವೀಪದ ಹುಲ್ಲಿನಲ್ಲೇ ಉಳಿದವು, ಮರಿ ಹಾಕೋಕೆ. ಅವು ಹೆತ್ತ ಗಂಡುಮರಿಗಳು ಬೆಳೆದು ಕತ್ತಲಿಗೆ ಇಳಿದವು.

1890ರಲ್ಲಿ ಶೆಟ್ಲೆಂಡ್ ಕುದುರೆಗಳ ವಂಶಾವಳಿ ಬರೆದಿಡೋಕೆ ಸಂಘವೇ ಹುಟ್ಟಿತು. ಅದರ ಪುಸ್ತಕದಲ್ಲಿ ಜಾಕ್‌ನ ನಂಬರ್ 16. 1899ರಲ್ಲಿ ಮಾರ್ಕ್ವೆಸ್‌ನ ಕುದುರೆಗಳು ಬೇರೆಯವರ ಪಾಲಾದವು. ಇವತ್ತಿಗೂ ಶೆಟ್ಲೆಂಡ್ ಕುದುರೆ ಸಾಕೋರು ಜಾಕ್‌ನ ವಂಶ ಅಂತ ಹೆಮ್ಮೆಯಿಂದ ಹೇಳ್ತಾರೆ.

ಹೇಳಲಿ, ತಪ್ಪಿಲ್ಲ. ಆದರೆ 1913ರ ಹೊತ್ತಿಗೆ ಬ್ರಿಟನ್‌ನ ಗಣಿಗಳಲ್ಲಿ ದುಡಿಯುತ್ತಿದ್ದ ಕುದುರೆಗಳು ಸುಮಾರು 70,000. ತಳಿ ಕೊಟ್ಟವನಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿತು. ಮಕ್ಕಳ ಹೆಗಲಿನ ಭಾರ ಹೊತ್ತವುಗಳಲ್ಲಿ ಎಷ್ಟರ ಹೆಸರು ನಮಗೆ ಗೊತ್ತು?