ಸ್ವೆಟರ್ ಮಾರುವವರ ಹಿಂದಿನ ಕಥೆ



ಚಳಿ ಬಿತ್ತೆಂದರೆ ದೊಡ್ಡ ಪಟ್ಟಣಗಳ ರಸ್ತೆ ಬದಿಯಲ್ಲಿ ಟಿಬೆಟಿನವರ ಸ್ವೆಟರ್ ಅಂಗಡಿಗಳು ಏಳುವುದನ್ನು ನೀವೆಲ್ಲ ಕಂಡಿದ್ದೀರಿ. ತಾಳವಾಡಿ ಕಡೆಯವರಿಗಂತೂ ಇವರು ಹೊಸಬರಲ್ಲ. ಗಡಿಯಾಚೆ ಕೊಳ್ಳೇಗಾಲದ ಸೀಮೆಯ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಅವರ ನೆಲೆಯಿದೆ. ಚೌಕಾಸಿ ಮಾಡಿ ಸ್ವೆಟರ್ ತರುತ್ತೇವೆ. ಇವರು ಈ ಕಸುಬಿಗೆ ಬಂದದ್ದು ಹೇಗೆ ಎಂದು ಕೇಳುವವರು ಕಡಿಮೆ.

1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟರು. ಅವರ ಬೆನ್ನಿಗೆ ಸುಮಾರು 80,000 ಜನ ಭಾರತ, ನೇಪಾಳ, ಭೂತಾನಗಳಿಗೆ ಬಂದರು. ಮೈಯಲ್ಲಿ ಕಸುವಿದ್ದವರು ಹಿಮಾಲಯದ ರಸ್ತೆ ಕೆಲಸಕ್ಕೆ ಹೋಗಿ ಜಲ್ಲಿ ಒಡೆದರು. ಸುತ್ತಿಗೆ ಎತ್ತಲಾರದ ಅಜ್ಜ ಅಜ್ಜಿಯರು ಏನು ಮಾಡಬೇಕು? ಹೊಲ, ಹಿಂಡು, ಮನೆ ಎಲ್ಲ ಬಿಟ್ಟು ಬಂದವರಿಗೆ ಧರ್ಮದ ಅನ್ನಕ್ಕೆ ಕೈಯೊಡ್ಡುವುದು ಸಾವಿಗಿಂತ ಕಷ್ಟ.

ಅದೇ ವರ್ಷದ ಅಕ್ಟೋಬರಿನಲ್ಲಿ ಡಾರ್ಜಿಲಿಂಗಿನಲ್ಲಿ ಟಿಬೆಟಿಯನ್ ನಿರಾಶ್ರಿತರ ಸ್ವಸಹಾಯ ಕೇಂದ್ರ ಹುಟ್ಟಿತು. ಮುದುಕರೂ ತಬ್ಬಲಿ ಮಕ್ಕಳೂ ಅಲ್ಲಿ ಆಸರೆ ಪಡೆದರು. ರತ್ನಗಂಬಳಿ, ಮರಗೆಲಸ, ನೇಯ್ಗೆ, ಉಣ್ಣೆಯ ಕೆಲಸ ಎಲ್ಲ ಅಲ್ಲಿ ನಡೆಯುತ್ತಿದ್ದವು. ಉಣ್ಣೆ ನೂಲುವುದು ಅವರಿಗೆ ಹೊಸದಲ್ಲ. ನಮ್ಮ ಮಡಕಶಿರಾ, ರಾಯದುರ್ಗ, ಜತ್ತದ ಕುರಿಗಾರ ಹಿರಿಯರಂತೆ ಕದಿರು ತಿರುಗಿಸುತ್ತಲೇ ನಡೆಯುವ ಜನ ಅವರು. ಮಾರಾಟಕ್ಕೆಂದು ಸ್ವೆಟರ್ ಹೆಣೆಯುವುದನ್ನು ಮಾತ್ರ ಬಹಳ ಮಂದಿ ಈ ನೆಲದಲ್ಲಿ ರೂಢಿಸಿಕೊಂಡರು.

ಮುಪ್ಪಿನ ಕೈಗೆ ಈ ಕೆಲಸ ಹೊಂದುತ್ತದೆ. ಮಗ್ಗ ಬೇಡ, ಜಾಗ ಬೇಡ. ಎರಡು ಕಡ್ಡಿ, ಒಂದು ಉಂಡೆ ದಾರ ಸಾಕು. ಕಲಿಯಬೇಕಾದದ್ದು ಮುಖ್ಯವಾಗಿ ಎರಡೇ ಕುಣಿಕೆ, ಸೀದಾ ಮತ್ತು ಉಲ್ಟಾ. ಅಕ್ಷರ ಬಾರದವರೂ ಕಲಿಯಬಹುದು. ಕಣ್ಣು ಮಂಜಾದವರಿಗೆ ದಪ್ಪ ದಾರ, ಬೆರಳು ಬಿಗಿದವರಿಗೆ ದಪ್ಪ ಕಡ್ಡಿ ಕೊಟ್ಟರಾಯಿತು. ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯಿರಿ, ದಾರ ಹಾಳಾಗುವುದಿಲ್ಲ. ಬಟ್ಟೆ ಕತ್ತರಿಸುವ ದರ್ಜಿಗೆ ಈ ಭಾಗ್ಯವಿಲ್ಲ ನೋಡಿ!

ದಕ್ಷಿಣದಲ್ಲಿ ಮೈಸೂರು ಸರ್ಕಾರ ಜಮೀನು ಕೊಟ್ಟು, 1960ರ ಹೊತ್ತಿಗೆ ಬೈಲುಕುಪ್ಪೆ, 1966ರಲ್ಲಿ ಮುಂಡಗೋಡ ನೆಲೆಗಳಾದವು. ಕಾಡು ಕಡಿದು ಮೆಕ್ಕೆಜೋಳ ಬೆಳೆದರು. ಮಳೆಯ ಬೆಳೆ ಕೈಗೆ ಬಂದ ಮೇಲೆ ಚಳಿಗಾಲವೆಲ್ಲ ಬಿಡುವು. ಆ ಬಿಡುವಿನಲ್ಲಿ ಸ್ವೆಟರ್ ಗಂಟು ಹೊತ್ತು ಪೇಟೆಗೆ ಹೊರಟರು.

ಮೊದಮೊದಲು ಮಾರಿದ್ದು ಕೈಯಲ್ಲಿ ಹೆಣೆದದ್ದನ್ನೇ. ಗಿರಾಕಿ ಹೆಚ್ಚಿದಂತೆ ಲೂಧಿಯಾನದ ಕಾರ್ಖಾನೆಗಳ ಮಾಲು ಬಂತು. ಅಲ್ಲಿಯ ವ್ಯಾಪಾರಿಗಳು ಸ್ವಲ್ಪ ಮುಂಗಡ ಪಡೆದು ಮಾಲು ಕೊಡುತ್ತಾರೆ, ಉಳಿದದ್ದನ್ನು ಮಾರಾಟ ಮುಗಿದ ಮೇಲೆ ತೀರಿಸಬೇಕು. ಬ್ಯಾಂಕಿನಲ್ಲಿ ಜಾಮೀನುದಾರರ ಸಹಿ ಪರೀಕ್ಷಿಸುತ್ತ ತಲೆ ನರೆಸಿಕೊಂಡ ನನಗೆ ಇದು ಬೆರಗಿನ ಸಂಗತಿ. ನಂಬಿಕೆಯೇ ಅಲ್ಲಿನ ಅಡಮಾನ.

ಆದರೆ ಯಂತ್ರದ ಬೆಲೆಗೆ ಅಜ್ಜಿಯ ಕೈ ಸರಿಗಟ್ಟಲಿಲ್ಲ. ವಾರವಿಡೀ ಹೆಣೆದ ಸ್ವೆಟರಿಗೆ ಕೂಲಿ ಹುಟ್ಟಬೇಕಲ್ಲ? ಸಂಸಾರಗಳು ಉದ್ಧಾರವಾದವು, ಮಕ್ಕಳು ಶಾಲೆ ಕಲಿತರು. ಹೆಣಿಗೆ ಮಾತ್ರ ಸಂಪಾದನೆಯ ಸಾಲಿನಿಂದ ಕೆಳಗಿಳಿಯಿತು. ಇದನ್ನು ಬರೀ ಲಾಭವೆಂದು ಬರೆದುಕೊಳ್ಳಲು ನನ್ನ ಕೈ ಏಳದು.

ಈ ಸಲ ಅಂಗಡಿಗೆ ಹೋದಾಗ, ಹಿಂದೆ ಕೂತ ಹಿರಿಯರ ಕೈಯಲ್ಲಿ ಕಡ್ಡಿ ಕಂಡರೆ ಮಾತಾಡಿಸಿ. ಬೈಲುಕುಪ್ಪೆ ಕಡೆಯವರಾದರೆ ಕನ್ನಡದಲ್ಲೇ ಉತ್ತರ ಬಂದೀತು.